ಬೆನ್ನ ಮೇಲಿನ ಹೆಸರು

ದೆವ್ವ, ಭೂತ ಎಂದರೆ ಬಿದ್ದು ಬಿದ್ದು ನಗುತ್ತಿದ್ದವಳು ನಾನು. ಶವಾಗಾರದ ಜಗುಲಿಯಲ್ಲಿ ಕೂತು ಚಿತ್ರಾನ್ನ ತಿಂದ ನರ್ಸ್ ಇನ್ನು ಯಾವುದಕ್ಕೆ ಹೆದರಬೇಕು? ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಕೊರೊನಾ ಎರಡನೇ ಅಲೆಯಲ್ಲಿ ನಡೆದ ಈ ಒಂದು ಸಂಗತಿ ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಆಗ ಕೆ.ಆರ್. ನಗರದ ಆಸ್ಪತ್ರೆಯೊಂದರಲ್ಲಿದ್ದೆ. ಪಿಪಿಇ ಕಿಟ್ ಹಾಕಿಕೊಂಡರೆ ಯಾರು ಯಾರೆಂದು ಗುರುತೇ ಸಿಗುತ್ತಿರಲಿಲ್ಲ. ಹಾಗಾಗಿ ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಮಾರ್ಕರಿನಲ್ಲಿ ಹೆಸರು ಬರೆಯುತ್ತಿದ್ದೆವು. ನನ್ನ ಬೆನ್ನಿಗೆ ಬರೆಯುತ್ತಿದ್ದವಳು ನನ್ನ ಜೊತೆಯ ನರ್ಸ್ ನಸ್ರೀನ್. ಉಳಿದವರು ‘ಸುಮ ಸಿಸ್ಟರ್’ ಎಂದು ಬರೆದರೆ ಅವಳೊಬ್ಬಳು ‘ಸುಮಕ್ಕ’ ಎಂದು ಬರೆದು, ಬೆನ್ನು ತಟ್ಟಿ ಒಳಗೆ ಕಳಿಸುತ್ತಿದ್ದಳು.

ಊರಿಗೆಲ್ಲ ಟೆಸ್ಟ್ ಮಾಡಿಸಿಕೊಳ್ಳಿ ಎನ್ನುತ್ತಿದ್ದ ನಾವು ನಮ್ಮ ಜ್ವರವನ್ನು ಮುಚ್ಚಿಡುತ್ತಿದ್ದೆವು. ಬಾಡಿಗೆ ಮನೆಯವರು ಹೊರಗೆ ಹಾಕುತ್ತಾರೆಂಬ ಭಯ. ನಾವೂ ಮಲಗಿದರೆ ವಾರ್ಡ್ ನೋಡುವವರು ಯಾರೆಂಬ ಸಂಕಟ. ಗುಟ್ಟಾಗಿ ಹುಣಸೂರಿಗೆ ಹೋಗಿ ಟೆಸ್ಟ್ ಮಾಡಿಸಿಕೊಂಡು ಬಂದವರೂ ಇದ್ದರು. ನಸ್ರೀನ್ ಅಷ್ಟೂ ಮಾಡಲಿಲ್ಲ. ಮಾತ್ರೆ ನುಂಗಿಕೊಂಡೇ ದುಡಿದಳು, ಕೊನೆಗೆ ಡ್ಯೂಟಿಯಲ್ಲೇ ಕುಸಿದಳು. ಮೈಸೂರಿಗೆ ಸಾಗಿಸಿದರು.

ಆಮೇಲೆ ನನಗೂ ಜ್ವರ ಶುರುವಾಯಿತು. ಕಣ್ಣಾರೆ ಕಂಡರೂ ಬುದ್ಧಿ ಬರಲಿಲ್ಲ ನೋಡಿ, ನಾನೂ ಮಾತ್ರೆ ನುಂಗಿದೆ. ಯಾರಾದರೂ ಮುಟ್ಟಿದರೆ ಮೈ ಬಿಸಿ ತಿಳಿದೀತೆಂದು ಒಂದು ಬೆಳಿಗ್ಗೆ ಹೊಸ ಕಿಟ್ ಒಡೆದು ಒಬ್ಬಳೇ ಹಾಕಿಕೊಂಡೆ. ಹೆಸರು ಬರೆಸಲಿಲ್ಲ.

ವಾರ್ಡಿನಲ್ಲಿ ಭೇರ್ಯದ ಕಡೆಯ ಹೊಸ ರೋಗಿಯೊಬ್ಬರು, “ಸುಮಕ್ಕ, ಒಸಿ ನೀರು ಕೊಡವ್ವ” ಎಂದರು.

“ನನ್ನ ಹೆಸರು ಯಾರು ಹೇಳಿದ್ರು?”

“ಯಾರ್ ಯೋಳ್ಬೇಕು? ಬೆನ್ ಮ್ಯಾಲೆ ದಪ್ಪಕ್ಕೆ ಬರ್ದದಲ್ಲವ್ವ.”

ನೀರು ಕೊಟ್ಟವಳೇ ಕಿಟ್ ಬಿಚ್ಚುವ ಕೋಣೆಗೆ ಓಡಿದೆ. ಬಿಚ್ಚಿ ನೋಡಿದರೆ ‘ಸುಮಕ್ಕ’. ನಸ್ರೀನಳದೇ ಓರೆ ಅಕ್ಷರ. ಅವಳು ಹಿಡಿದ ದಾರಿಯನ್ನೇ ನಾನೂ ಹಿಡಿದಿದ್ದೇನೆಂದು ಆಗ ನಿಜವಾಗಿ ಭಯವಾಯಿತು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡರೆ ಆಕ್ಸಿಜನ್ ತೀರಾ ಇಳಿದಿತ್ತು. ಡಾಕ್ಟರ ಬಳಿ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. “ಇನ್ನೊಂದು ದಿನ ಬಿಟ್ಟಿದ್ರೆ ನೀವು ಕೈಗೆ ಸಿಗ್ತಿರಲಿಲ್ಲ ಕಣ್ರೀ” ಎಂದು ಬೈದು ಅಡ್ಮಿಟ್ ಮಾಡಿಕೊಂಡರು.

ಜ್ವರದ ಭ್ರಮೆ ಎನ್ನೋಣವೆಂದರೆ ಮೊದಲು ಓದಿದವರು ಆ ರೋಗಿ. ಜೊತೆಯವರನ್ನೆಲ್ಲ ಕೇಳಿದೆ, ಯಾರೂ ಬರೆದಿರಲಿಲ್ಲ. ಕಿಟ್ ಅಂದೇ ಆಸ್ಪತ್ರೆ ಕಸದ ಹಳದಿ ಚೀಲ ಸೇರಿ ಸುಟ್ಟುಹೋಗಿತ್ತು.

ನಾನು ಮಲಗಿದ್ದಾಗಲೇ ನಸ್ರೀನ್ ತೀರಿಕೊಂಡಳು. ಹುಷಾರಾದ ಮೇಲೆ ಅವಳ ಮನೆಗೆ ಹೋದೆ. ಅವಳ ಗಂಡ ಟೈಲರ್. ಹೊಲಿಯುತ್ತಿದ್ದ ಮಿಷನ್ ನಿಲ್ಲಿಸಿ ಹೇಳಿದ: “ಕೊನೇ ಸಲ ಫೋನಲ್ಲಿ ನಿಮ್ಮನ್ನೇ ಕೇಳಿದ್ಲು ಅಕ್ಕ, ಸುಮಕ್ಕ ಅಡ್ಮಿಟ್ ಆದ್ರಾ ಅಂತ. ಅವ್ರಿಗೇನಾಗೈತೆ, ಡ್ಯೂಟಿ ಮಾಡ್ತಾವ್ರೆ ಅಂದೆ. ಇಲ್ಲ ಕಣ್ರೀ, ಈಗ ಬೆನ್ನು ಮುಟ್ಟಿ ನೋಡ್ದೆ, ಸುಡ್ತಾ ಐತೆ ಅಂದ್ಲು. ಏನೋ ಬಡಬಡಿಸ್ತಾವ್ಳೆ ಅಂದ್ಕೊಂಡೆ.”

ಯಾವತ್ತು ಎಂದು ಕೇಳಿದೆ. ನಾನು ಅಡ್ಮಿಟ್ ಆದ ದಿನದ ಬೆಳಿಗ್ಗೆ. ನನಗೆ ಜ್ವರವಿದೆಯೆಂದು ಆ ಹೊತ್ತಿಗೆ ನನ್ನ ಗಂಡನಿಗೂ ಗೊತ್ತಿರಲಿಲ್ಲ.