ಗಾಳಿಯ ಮೇಲೆ ಕೂತ ಗಾಡಿ

ಒಂದು ತಪ್ಪೊಪ್ಪಿಗೆಯಿಂದಲೇ ಶುರುಮಾಡುತ್ತೇನೆ. ಗದಗಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನು ನಾನು. ಸ್ಪ್ರಿಂಗನ್ನು ಎಳೆದರೆ ಅದು ಎಷ್ಟು ಮರಳಿ ಎಳೆಯುತ್ತದೆ, ಗಾಳಿಯನ್ನು ಅದುಮಿದರೆ ಅದು ಎಷ್ಟು ಎದುರು ನಿಲ್ಲುತ್ತದೆ ಎಂಬುದನ್ನು ಕರಿಹಲಗೆ ಸವೆಯುವಷ್ಟು ಬರೆದಿದ್ದೇನೆ. ಆದರೆ ನಿವೃತ್ತನಾದ ಮೇಲೆ ಒಂದು ಮುಂಜಾನೆ ನನ್ನದೇ ಅಂಗಳದಲ್ಲಿ ನನ್ನದೇ ಗಾಡಿ ಹಿಂದಿನ ಎಡಗಾಲು ಮಡಚಿ ಎಮ್ಮೆಯಂತೆ ಕೂತಿದ್ದನ್ನು ಕಂಡಾಗ ನಾನು ಮಾಡಿದ ಮೊದಲ ಕೆಲಸವೆಂದರೆ, ಟೈರಿಗೆ ಗಾಳಿ ಹೊಡೆಯುವ ಪಂಪು ಹುಡುಕಿದ್ದು. ಟೈರು ಸರಿಯಾಗಿಯೇ ಇತ್ತು. ಹಾಗೆಂದು ತೋರಿಸಿಕೊಟ್ಟವಳು ಕಲಾ ವಿಭಾಗದಲ್ಲಿ ಓದಿದ ನನ್ನ ಹೆಂಡತಿ ಸುಶೀಲಾ.

ಈ ಗಾಡಿ ನಮ್ಮ ಮನೆಗೆ ಬಂದದ್ದೂ ಅವಳಿಗಾಗಿಯೇ. ಎರಡು ವರ್ಷದ ಹಿಂದೆ ಅವಳ ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆಯಾಯಿತು. ಕುಲುಕಾಟ ಕೂಡದು ಎಂದರು ಡಾಕ್ಟರು. ನಮ್ಮ ಸಣ್ಣ ಕಾರಿನಲ್ಲಿ ಒಂದೊಂದು ತಗ್ಗಿಗೂ ಅವಳು ಒಮ್ಮೆ ‘ಅವ್ವಾ’ ಅನ್ನುತ್ತಿದ್ದಳು. ಗದಗಿನಿಂದ ಬೆಟಗೇರಿಗೆ ಹೋಗಿ ಬರುವಷ್ಟರಲ್ಲಿ ತೀರಿಹೋದ ನಮ್ಮ ಅತ್ತೆಯವರನ್ನು ನಲವತ್ತು ಸಲ ನೆನೆದಂತಾಗುತ್ತಿತ್ತು. ಹೀಗಾಗಿ ಲಕ್ಷ್ಮೇಶ್ವರದ ಬದಿಯ ಅಡರಕಟ್ಟಿಯಲ್ಲಿರುವ ತನ್ನ ಅಕ್ಕ ಗಂಗವ್ವನ ಮನೆಗೆ ಅವಳು ಎರಡು ವರ್ಷ ಹೋಗಿರಲಿಲ್ಲ. ಕೊನೆಗೆ ನಾನು ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಬಳಸಿ ಬಿಟ್ಟ, ಪರದೇಶದ ದೊಡ್ಡ ಗಾಡಿಯೊಂದನ್ನು ತಂದೆ. ಅದರಲ್ಲಿ ಸ್ಪ್ರಿಂಗಿನ ಬದಲು ನಾಲ್ಕು ಗಾಲಿಗೆ ನಾಲ್ಕು ರಬ್ಬರಿನ ಗಾಳಿಚೀಲ. ಗಾಡಿ ಅಕ್ಷರಶಃ ಗಾಳಿಯ ಮೇಲೆ ಕೂತಿರುತ್ತದೆ. ‘ಪೆನ್ಶನ್ ಮಾಸ್ತರಗ ಮಂತ್ರಿ ಗಾಡಿ’ ಎಂದು ಓಣಿ ನಕ್ಕಿತು. ನಗಲಿ. ಮೊದಲ ದಿನ ಸುಶೀಲಾ ಹಿಂದಿನ ಸೀಟಿನಲ್ಲಿ ಕೂತು ಬೆಟಗೇರಿಗೆ ಹೋಗಿ ಬಂದಳು. ದಾರಿಯುದ್ದಕ್ಕೂ ಒಂದೂ ‘ಅವ್ವಾ’ ಕೇಳಲಿಲ್ಲ. ಏನಾಯಿತೋ ಎಂದು ನಾನೇ ಎರಡು ಸಲ ಹಿಂತಿರುಗಿ ನೋಡಿದೆ.

ಗಂಗವ್ವನ ಮಗಳು ಏಳು ತಿಂಗಳ ಬಸುರಿ. ಹೊಸ ಕುಪ್ಪಸ ತೊಡಿಸಿ ಹರಸುವ ಕುಬಸದ ಕಾರ್ಯಕ್ಕೆ ದಿನ ಗೊತ್ತಾಗಿತ್ತು. ಮೊದಲ ಕುಬಸ ಚಿಕ್ಕಮ್ಮನಾದ ಸುಶೀಲಾಳೇ ತೊಡಿಸಬೇಕು ಎಂದು ಅಕ್ಕ ಫೋನಿನಲ್ಲಿ ಹಟ ಹಿಡಿದಿದ್ದಳು. ಇವಳು ಹಸಿರು ಖಣ ತಂದು, ಹೊಲಿಸಿ, ಮಡಚಿ, ಮತ್ತೆ ಬಿಚ್ಚಿ ನೋಡಿ, ಮತ್ತೆ ಮಡಚಿ ಇಟ್ಟಿದ್ದಳು. ಕುಬಸಕ್ಕೆ ಹನ್ನೆರಡು ದಿನ ಇರುವಾಗ ಗಾಡಿ ಕೂತಿತು.

ನಮ್ಮ ಭಾಷೆಯಲ್ಲಿ ಗಾಳಿಗೆ ಒಳ್ಳೆಯ ಹೆಸರಿಲ್ಲ ಎಂಬುದು ನನಗೆ ಹೊಳೆದದ್ದು ಆವಾಗಲೇ. ನಂಬಬಾರದ ಸುದ್ದಿ ಗಾಳಿಮಾತು. ನಿಲ್ಲದ ಕಟ್ಟಡ ಗಾಳಿಗೋಪುರ. ಕೆಟ್ಟದ್ದು ಮೆಟ್ಟಿದರೆ ಗಾಳಿ ಸೋಂಕಿತು. ಕಪ್ಪತ್ತಗುಡ್ಡದ ಮೇಲೆ ಅಷ್ಟೆತ್ತರದ ಗಾಳಿಯಂತ್ರಗಳು ಹಗಲಿಡೀ ತಿರುಗಿ ದೀಪ ಉರಿಸುತ್ತಿದ್ದರೂ ನಾವು ಗಾಳಿಯನ್ನು ನಂಬುವವರಲ್ಲ. ಅದಕ್ಕೇ ಗಾಡಿ ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಗಾಳಿ ಕಿತ್ತು ಒಗೆಯಿರಿ, ನಾಲ್ಕು ಕಬ್ಬಿಣದ ಸ್ಪ್ರಿಂಗ್ ಹಾಕಿಸಿ, ಜೀವನಪರ್ಯಂತ ಚಿಂತೆಯಿಲ್ಲ. ದೊಡ್ಡ ಊರಿನ ಷೋರೂಮಿಗೆ ಫೋನು ಹಚ್ಚಿದರೆ ಅವರು ನಾಲ್ಕೂ ಚೀಲ, ಗಾಳಿ ತುಂಬುವ ಕಂಪ್ರೆಸರು ಎಲ್ಲವನ್ನೂ ಬದಲಿಸಬೇಕೆಂದರು. ಗಾಡಿಯನ್ನೇ ಬದಲಿಸಿ ಅನ್ನಲಿಲ್ಲ, ಅದೊಂದು ಪುಣ್ಯ.

ಯಾರೋ ಬೆಟಗೇರಿಯ ಯಲ್ಲಪ್ಪನ ಹೆಸರು ಹೇಳಿದರು. ಲಾರಿ, ಬಸ್ಸು ರಿಪೇರಿ ಮಾಡುವವನು. ಸುಖಾಸನದ ದೊಡ್ಡ ಬಸ್ಸುಗಳೂ ಗಾಳಿಯ ಮೇಲೆಯೇ ಓಡುತ್ತವಂತೆ, ಅವುಗಳ ನಾಡಿ ಅವನಿಗೆ ಗೊತ್ತಂತೆ. ಕಂಪ್ರೆಸರಿನ ಬಲದ ಮೇಲೆ ಗಾಡಿಯನ್ನು ಹೇಗೋ ಎಬ್ಬಿಸಿ, ತೆವಳಿಸಿಕೊಂಡು ಒಯ್ದೆ. ಯಲ್ಲಪ್ಪ ಕಳಸಾಪುರದ ಒಕ್ಕಲುತನದ ಮನೆಯವನು. ಐವತ್ತರ ಆಸುಪಾಸು. ಮಾತು ಕಡಿಮೆ. ನಾನು ಒತ್ತಡ, ಗಾತ್ರ, ಉಷ್ಣತೆ ಎಂದು ಏನೇನೋ ವಿವರಿಸುತ್ತಿದ್ದರೆ ಆತ ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲಿದ್ದ ದಿಂಬನ್ನು ನೋಡಿದ.

“ಸರ, ಈ ಗಾಡಿ ಯಾರ ಸಲುವಾಗಿ ತಗೊಂಡೀರಿ?”

ಇಷ್ಟು ದಿನದಲ್ಲಿ ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ. ಹೇಳಿದೆ. ಸುಶೀಲಾಳ ಬೆನ್ನಿನ ಕತೆ ಕೇಳಿ ಆತ ತಲೆಯಾಡಿಸಿದ.

“ಸ್ಪ್ರಿಂಗ್ ಅಂದ್ರ ಕೆಟ್ಟದ್ದಲ್ರಿ. ಮುಂಡರಗಿಯಾಗ ಬೀಜಗೊಬ್ಬರದ ಅಂಗಡಿ ಶರಣಪ್ಪನವರ ಗಾಡಿನೂ ಇದ ಜಾತೀದು. ಅದಕ್ಕ ನಾನ ಸ್ಪ್ರಿಂಗ್ ಹಾಕೀನಿ. ಅವರು ಅದರಾಗ ಗೊಬ್ಬರದ ಚೀಲ ಹೇರತಾರ್ರಿ. ಚೀಲಕ್ಕ ಬೆನ್ನು ನೋಯಂಗಿಲ್ಲ. ಅಕ್ಕಾರನ್ನ ಒಂದ ಸಲ ಆ ಗಾಡ್ಯಾಗ ಕುಂಡ್ರಿಸಿ ನೋಡೂಣು. ಆಮ್ಯಾಲ ಅವರು ಹೇಳಿದಂಗ ಮಾಡೂಣು.”

ಮೂವತ್ತು ವರ್ಷ ಪ್ರಯೋಗಶಾಲೆ ನಡೆಸಿದ ನನಗೆ ಹೊಳೆಯದ ಪ್ರಯೋಗ ಇದು. ಮರುದಿನ ಶರಣಪ್ಪ ಮಾರ್ಕೆಟ್ಟಿನ ಕೆಲಸಕ್ಕೆ ಗದಗಿಗೆ ಬಂದಿದ್ದರು. ಸೀಟಿನ ಮೇಲಿನ ಧೂಳನ್ನು ತಮ್ಮ ಟವೆಲಿನಿಂದಲೇ ಒರೆಸಿ ಸುಶೀಲಾಳನ್ನು ಹಿಂದೆ, ನನ್ನನ್ನು ಮುಂದೆ ಕೂರಿಸಿಕೊಂಡು ಮುಂಡರಗಿ ರಸ್ತೆಯಲ್ಲಿ ಒಂದಿಷ್ಟು ದೂರ ಹೋದರು. ದಾರಿಯಲ್ಲಿ ಸ್ಪ್ರಿಂಗಿನ ಗುಣಗಾನ ಮಾಡಿದರು. “ಮುಂಜಾನೆದ್ದು ನೋಡಿದ್ರ ಗಾಡಿ ನಿಂತಿರಬೇಕ್ರಿ ಸರ, ಅಷ್ಟ. ಮೊದಲೆಲ್ಲ ದಿನಾ ಕುಂದರತಿತ್ತು, ಮಂದಿ ಬಂದು ಏನಾತು ಅಂತ ಕೇಳೋರು.” ಅದು ಸುಳ್ಳಲ್ಲ. ಸ್ಪ್ರಿಂಗು ಸೋರುವುದಿಲ್ಲ, ಮುನಿಯುವುದಿಲ್ಲ. ಆ ಗಾಡಿಯೂ ಗಟ್ಟಿಯಾಗಿ, ನೆಟ್ಟಗೆ, ಒಳ್ಳೆಯ ಸಂಸಾರಸ್ಥನಂತೆ ಓಡುತ್ತಿತ್ತು. ಮರಳಿ ಗ್ಯಾರೇಜಿಗೆ ಬಂದು ಇಳಿದ ಸುಶೀಲಾಳ ತೀರ್ಪಿಗೆ ನಾನು, ಶರಣಪ್ಪ, ಯಲ್ಲಪ್ಪ ಮೂವರೂ ಕಾದು ನಿಂತೆವು.

“ಛಲೋ ಐತ್ರಿ ಗಾಡಿ,” ಎಂದಳು ಶರಣಪ್ಪನವರಿಗೆ ಬೇಸರವಾಗದಂತೆ. ಆಮೇಲೆ ಯಲ್ಲಪ್ಪನ ಕಡೆ ತಿರುಗಿ, “ಆದ್ರ ಒಂದೊಂದು ತಗ್ಗೂ ನನ್ನ ಬೆನ್ನಿಗೆ ತನ್ನ ಹೆಸರು ಹೇಳಿ ಹೋತು ನೋಡ್ರಿ” ಎಂದಳು.

“ಆತ್ರಿ ಅಕ್ಕಾರ, ಗಾಳೀನ ಇರಲಿ” ಎಂದ ಯಲ್ಲಪ್ಪ. ಅಷ್ಟೇ. ಸ್ಪ್ರಿಂಗ್ ಹಾಕುವುದು ಅವನಿಗೆ ಒಂದೂವರೆ ದಿನದ, ತಲೆನೋವಿಲ್ಲದ ಕೆಲಸವಾಗಿತ್ತು. ಗಾಳಿಯೆಂದರೆ ಎಷ್ಟು ದಿನವೋ ಆತನಿಗೂ ಗೊತ್ತಿರಲಿಲ್ಲ.

ಅಂದಿನಿಂದ ನಾನು ದಿನಾ ಗ್ಯಾರೇಜಿನಲ್ಲಿ ಹಾಜರು. ಆತ ಚೀಲಕ್ಕೆ ಸಾಬೂನು ನೀರು ಬಳಿದ, ಗುಳ್ಳೆ ಬರಲಿಲ್ಲ. ರೇಡಿಯೋ ಬಂದ್ ಮಾಡಿಸಿದ. ನನ್ನ ಉಪನ್ಯಾಸವನ್ನೂ ಬಂದ್ ಮಾಡಿಸಿದ, ಬಾಯಿಯ ಮೇಲೆ ಬೆರಳಿಟ್ಟು. ಕಿವಿಗೊಟ್ಟು ಕೇಳಿದ. ಆಮೇಲೆ ಗಾಡಿಯನ್ನು ಪೂರ್ತಿ ಎತ್ತರಕ್ಕೆ ಏರಿಸಿದ. ಚೀಲದ ಮಡಿಕೆ ಬಿಚ್ಚಿಕೊಂಡಿತು, ಒಳಗಿನ ಕೂದಲಿನಂಥ ಬಿರುಕುಗಳಿಂದ ಸಣ್ಣ ಸಣ್ಣ ಗುಳ್ಳೆ ಎದ್ದವು. ನಿಂತಾಗ ಕಾಣದ ನೋವು ಚಾಚಿದಾಗ ಕಾಣುತ್ತದೆ. ಸುಶೀಲಾಳ ಡಾಕ್ಟರೂ ಅವಳ ಕಾಲನ್ನು ಹೀಗೇ ಎತ್ತಿಸಿ ನೋಡಿದ್ದರು. ಹೊಸ ಚೀಲ ಪರವೂರಿನಿಂದ ಬರಬೇಕಿತ್ತು. ಅದು ಬರುವ ತನಕ ಆತ ಕಂಪ್ರೆಸರನ್ನು ಬಿಚ್ಚಿ, ಅದರ ಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟ. ಸೋರುವ ಚೀಲಕ್ಕೆ ಗಾಳಿ ತುಂಬಿ ತುಂಬಿ ಅದು ದಣಿದಿತ್ತು. ಸವೆದ ಉಂಗುರ ಬದಲಿಸಿದ. “ಸತ್ತಿಲ್ರಿ ಇದು, ಸಾಕಾಗೇತಿ ಅಷ್ಟ” ಎಂದ. ಬದಲಿಸಬೇಕು ಎಂದಿದ್ದ ಷೋರೂಮಿನವರ ಧ್ವನಿ ನನಗೆ ನೆನಪಾಯಿತು.

ಸುಮ್ಮನೆ ಕೂತಾಗ ತಲೆ ಎಲ್ಲೆಲ್ಲೋ ಓಡುತ್ತದೆ. ನಮ್ಮ ಸೀಮೆಯಲ್ಲಿ ಬಸುರಿಯರನ್ನು ತವರಿಗೆ ಕರೆತರುವಾಗ ಚಕ್ಕಡಿಯಲ್ಲಿ ಜೋಳದ ಒಣದಂಟಿನ ಕಣಕಿ ಹಾಸಿ, ಅದರ ಮೇಲೆ ಹೊಟ್ಟು ತುಂಬಿದ ಚೀಲ, ಅದರ ಮೇಲೆ ಕೌದಿ ಹಾಕುತ್ತಿದ್ದರು. ಹೊಟ್ಟಿನ ಸಂದಿಯಲ್ಲಿ ಇರುವುದು ಗಾಳಿಯೇ ತಾನೆ? ಗಾಲಿ ಕಂಡುಹಿಡಿದವನು ಯಾವನೋ ಗಂಡಸಿರಬೇಕು. ಅದರ ಮೇಲೆ ಕೂತು ಬಂದು ಮರುದಿನವೇ ಹೊಟ್ಟಿನ ಚೀಲ ಕಂಡುಹಿಡಿದವಳು ಅವನ ಹೆಂಡತಿ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹೊಸ ಚೀಲ ಬಂತು. ಹಾಕಿದ್ದಾಯಿತು. ಯಲ್ಲಪ್ಪ ಸಂಜೆ ಗಾಡಿಯನ್ನು ಗೋಡೆಯ ಪಕ್ಕ ನಿಲ್ಲಿಸಿ ಅದರ ಎತ್ತರಕ್ಕೆ ಸರಿಯಾಗಿ ಸೀಮೆಸುಣ್ಣದಿಂದ ಗೆರೆ ಎಳೆದ. ಮರುದಿನ ಮುಂಜಾನೆ ನಾನು ಹೋಗಿ ನೋಡುತ್ತೇನೆ, ಗಾಡಿ ಗೆರೆಯಿಂದ ಎರಡು ಬೆರಳು ಕೆಳಗೆ! ಕುಬಸಕ್ಕೆ ಇನ್ನು ಎರಡೇ ದಿನ. ನನ್ನ ಸಹನೆ ಮುರಿಯಿತು.

“ಸಾಕ್ರಿ ಯಲ್ಲಪ್ಪ. ಸ್ಪ್ರಿಂಗ್ ಹಾಕಿ ಬಿಡ್ರಿ. ಹೆಂಗರ ಮಾಡಿ ಹೋಗಿ ಬರತೀವಿ.”

ಆತ ಕೈ ಒರೆಸಿಕೊಂಡ. ಸಿಟ್ಟಾಗಲಿಲ್ಲ. “ನೀವು ಅಂದ್ರ ಹಾಕತೀನ್ರಿ ಸರ. ನನಗ ಇನ್ನೊಂದ ದಿನ ಬೇಕಿತ್ತು. ಆದ್ರ ಬೆನ್ನು ನಿಮ್ಮದಲ್ಲಲ್ರಿ. ಅಕ್ಕಾರನ್ನ ಒಂದ ಮಾತು ಕೇಳ್ರಿ.”

ಕೆನ್ನೆಗೆ ಹೊಡೆದಂತಾಯಿತು. ಫೋನು ಮಾಡಿ ಎಲ್ಲ ಹೇಳಿದೆ. ಕುಬಸ ತಪ್ಪಿದರೆ ಅವಳು ಅಕ್ಕನಿಗೆ ಏನು ಹೇಳಬೇಕು ಎಂದು ನಾನು ಯೋಚಿಸುತ್ತಿದ್ದೆ.

“ಅವರೇನಂತಾರ?” ಎಂದಳು.

“ಇನ್ನೊಂದ ದಿನ ಕೇಳತಾರ.”

“ಎರಡು ವರ್ಷ ಕಾದೀನಿ. ಒಂದ ದಿನ ಕಾಯಾಕ ಏನ್ರಿ? ನೀವು ಅವರ ತಲಿ ತಿನ್ನದ ಮನೀಗೆ ಬರ್ರಿ.”

ಬಂದೆ. ಆಮೇಲೆ ನಡೆದದ್ದನ್ನು ಯಲ್ಲಪ್ಪನೇ ಹೇಳಿದ. ನಾಲ್ಕು ಚೀಲಗಳಿಗೂ ಗಾಳಿ ಹಂಚುವ ಕವಾಟವೊಂದಿದೆ, ಅದಕ್ಕೆ ಕೊಳವೆ ಸೇರುವಲ್ಲಿ ಕಡಲೆಕಾಳಿನಷ್ಟು ಸಣ್ಣ ರಬ್ಬರಿನ ಉಂಗುರ. ಅದರ ಅಡಿ ಒಂದು ಮರಳಿನ ಹರಳು ಕೂತು ಗಾಳಿ ಸೋರುತ್ತಿತ್ತು. ಅದನ್ನು ಸೂಜಿಯ ಮೊನೆಯಿಂದ ಎತ್ತಿ, ಹೊಸ ಉಂಗುರ ಕೂರಿಸಿ, ಮತ್ತೆ ಗೆರೆ ಎಳೆದಿದ್ದ. ಮರುದಿನ ಮುಂಜಾನೆ ನಾನು ಹೋದಾಗ ಆತ ಗೋಡೆಯ ಮುಂದೆ ನಿಂತಿದ್ದ. ಗೆರೆ ಮತ್ತು ಗಾಡಿ ಒಂದೇ ಮಟ್ಟ, ಕೂದಲೆಳೆಯ ಅಂತರವಿಲ್ಲ. ನನ್ನ ವಿದ್ಯಾರ್ಥಿಗಳಿಗೆ ರ‍್ಯಾಂಕು ಬಂದಾಗಲೂ ನನಗೆ ಅಂಥ ಖುಷಿಯಾಗಿರಲಿಲ್ಲ. ಆತ ಮಾತ್ರ, “ಇನ್ನ ಚಿಂತಿಲ್ರಿ” ಎಂದು ಚಹಾ ತರಿಸಿದ.

ಕುಬಸಕ್ಕೆ ಯಲ್ಲಪ್ಪನೂ ಬರಬೇಕೆಂದು ಸುಶೀಲಾ ಪಟ್ಟು ಹಿಡಿದಳು. ಆತ ಬಂದದ್ದು ಊಟಕ್ಕಲ್ಲ, ಗಾಡಿಯ ಮೇಲಿನ ಕಾಳಜಿಗೆ. ನಾವು ಶಿರಹಟ್ಟಿಯ ದಾರಿ ಹಿಡಿದೆವು. ಮುಂದಿನ ಸೀಟಿನಲ್ಲಿ ಆತ ತಲೆ ವಾಲಿಸಿ, ಕಣ್ಣು ಮುಚ್ಚಿ, ರೋಗಿಯ ಎದೆಗೆ ಕಿವಿಗೊಟ್ಟ ವೈದ್ಯನಂತೆ ಲಕ್ಷ್ಮೇಶ್ವರದ ತನಕ ಕೇಳುತ್ತಲೇ ಇದ್ದ. ಹಿಂದೆ ಸುಶೀಲಾ ಮಡಿಲಲ್ಲಿ ಖಣದ ಗಂಟು ಇಟ್ಟುಕೊಂಡು ಹೊಲ ನೋಡುತ್ತಿದ್ದಳು. ಅಡರಕಟ್ಟಿಯಲ್ಲಿ ಇಳಿದಾಗ ಗಂಗವ್ವ ಓಡಿ ಬಂದು ತಂಗಿಯ ಬೆನ್ನಿಗೆ ಕೈಯಿಟ್ಟಳು. “ಹೆಂಗೈತಿ ಬೆನ್ನು?”

“ಬೆನ್ನು ಐತಿ ಅನ್ನೂದ ಮರತಿದ್ದೆ ನೋಡಕ್ಕ” ಎಂದಳು ಇವಳು. ಅಕ್ಕತಂಗಿಯರು ಅಲ್ಲೇ ಬಾಗಿಲಲ್ಲಿ ಅತ್ತರು. ಯಲ್ಲಪ್ಪ ಬಗ್ಗಿ ಗಾಲಿ ನೋಡುವ ನೆವ ಮಾಡಿದ. ನಾನೂ ಬಗ್ಗಿ ನೋಡಿದೆ. ಗಾಲಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಹಸಿರು ಕುಬಸ ತೊಟ್ಟ ಹುಡುಗಿಗೆ ಮೊದಲ ಆರತಿ ಸುಶೀಲಾಳದೇ ಆಯಿತು.

ಹೋಳಿಗೆ ಊಟ ಮುಗಿಸಿ ಮಧ್ಯಾಹ್ನ ಹೊರಟಾಗ ಸುಶೀಲಾ ಮುಂದಿನ ಬಾಗಿಲು ತೆಗೆದು ತಾನೇ ಕೂತಳು.

“ನೀವು ಹಿಂದ ಕುಂಡ್ರಿ ಯಲ್ಲಪ್ಪ.”

ಆತ ನಾಚಿಕೊಂಡ. “ಬ್ಯಾಡ್ರಿ ಅಕ್ಕಾರ. ಗಾಡಿ ಕೆಳಗ ಮಲಗಿ ರೂಢಿರಿ ನನಗ. ಹಿಂದಿನ ಸೀಟಿನ್ಯಾಗ ಎಂದೂ ಕುಂತಿಲ್ಲ.”

“ಅದಕ್ಕ ಕುಂಡ್ರಿ ಅನ್ನಾಕತ್ತೀನಿ.”

ಕೂತ. ಮೊದಲು ಅಂಚಿನಲ್ಲಿ, ಆಮೇಲೆ ಒರಗಿ. ಎರಡು ಮೈಲಿ ಹೋಗಿರಬಹುದು, ಹಿಂದಿನಿಂದ ಸಣ್ಣ ಗೊರಕೆ ಕೇಳಿಸಿತು. ಮೂವತ್ತು ವರ್ಷದಲ್ಲಿ ನಾನು ಎಷ್ಟೋ ಪ್ರಮಾಣಪತ್ರಗಳಿಗೆ ಸಹಿ ಹಾಕಿದ್ದೇನೆ. ಒಂದು ಕೆಲಸ ಸರಿಯಾಗಿದೆ ಎನ್ನುವುದಕ್ಕೆ ಅದನ್ನು ಮಾಡಿದವನೇ ಅದರ ಮೇಲೆ ಹೀಗೆ ನಿಶ್ಚಿಂತೆಯಿಂದ ನಿದ್ದೆಹೋಗುವುದಕ್ಕಿಂತ ದೊಡ್ಡ ಪ್ರಮಾಣಪತ್ರ ಕಂಡಿರಲಿಲ್ಲ.

ಮುಂದೆ ಊರೊಂದರ ಹೊಸ್ತಿಲಲ್ಲಿ ರಸ್ತೆಯುಬ್ಬು ಬಂತು. ಆ ಗಾಡಿಗೆ ಅದು ಲೆಕ್ಕಕ್ಕೇ ಇರಲಿಲ್ಲ, ನನಗೂ ಗೊತ್ತು. “ಸಾವಕಾಶ ಹೋಗ್ರಿ” ಎಂದು ಸುಶೀಲಾ ಪಿಸುಗುಟ್ಟುವ ಮೊದಲೇ ನನ್ನ ಕಾಲು ಬ್ರೇಕಿನ ಮೇಲಿತ್ತು.