ಒಳಗ ಹೇಳ್ರಿ

ನಿನ್ನೆ ಬೆಳಿಗ್ಗೆ ಅಲಮಾರಿಯ ತಳದಿಂದ ನಮ್ಮ ಮನೆಯವರ ದಪ್ಪ ಜಾಕೀಟು ತೆಗೆದು ಮಾಳಿಗೆಯ ಬಿಸಿಲಿಗೆ ಹರವಿದೆ. ಛಳಿ ಇನ್ನೂ ದೂರವಿದೆ, ಹುಮನಾಬಾದಿನ ಛಳಿಗೆ ಅಂಥ ಜಾಕೀಟು ಬೇಕಾಗುವುದೂ ಇಲ್ಲ. ಸಂಜೆಗೆ ಮನೆಗೆ ದೊಡ್ಡವರೊಬ್ಬರು ಬರುವವರಿದ್ದರು, ಅಲ್ಲಿಯ ತನಕ ನನ್ನ ಕೈಗೆ ಏನಾದರೊಂದು ಕೆಲಸ ಬೇಕಾಗಿತ್ತು, ಅಷ್ಟೇ. ಜಾಡಿಸಿದ ಹೊಡೆತಕ್ಕೆ ಜೇಬಿನಿಂದ ಕರಿ ಗುಂಡಿಯಂಥದ್ದೊಂದು ಉದುರಿತು. ಮೂಸಿ ನೋಡಿದೆ. ಜ್ಯೇಷ್ಠಮಧು, ಅದರ ಹಿಂದೆ ಉಪ್ಪು, ಅದರ ಹಿಂದೆ ಒದ್ದೆ ಕುರಿಯ ವಾಸನೆ. ಹಾಲೆಂಡಿನ ಅಜ್ಜಿ ಕೊಟ್ಟ ಉಪ್ಪಿನ ಪೆಪ್ಪರಮೆಂಟು! ಮಿಠಾಯಿಗೆ ಉಪ್ಪು ಹಾಕುವ ಜನ ಭೂಮಿಯ ಮೇಲಿದ್ದಾರೆ ಎಂಬುದು ಆ ದ್ವೀಪಕ್ಕೆ ಹೋಗುವ ತನಕ ನನಗೆ ಗೊತ್ತಿರಲಿಲ್ಲ.

ದ್ವೀಪ ಎಂದ ಕೂಡಲೇ ನಮ್ಮನ್ನು ಭಾರೀ ಶೋಕಿಯ ಮಂದಿ ಎಂದುಕೊಳ್ಳಬೇಡಿ. ನಮ್ಮ ಮನೆಯವರದು ಹುಮನಾಬಾದಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಮಾಲು ಚೆನ್ನಾಗಿ ಹೋದ ವರ್ಷ ಬೀಜದ ಕಂಪನಿಯವರು ಅಂಗಡಿಕಾರರನ್ನು ಜೋಡಿಯಾಗಿ ಎಲ್ಲಿಗಾದರೂ ಕರೆದೊಯ್ಯುವುದುಂಟು. ಹೋದ ವರ್ಷ ದಸರೆ ಮುಗಿದ ಮೇಲೆ ಹಾಲೆಂಡಿಗೆ ಒಯ್ದರು. ಕಡೆಯ ಕೆಲವು ದಿನ ನಮ್ಮ ಇಷ್ಟ: ಬೇಕಾದವರಿಗೆ ಪ್ಯಾರಿಸ್, ಬೇಕಾದವರಿಗೆ ಒಂದು ಸಣ್ಣ ದ್ವೀಪ. ಉಳಿದ ಜೋಡಿಗಳೆಲ್ಲ ಪ್ಯಾರಿಸ್ ಎಂದವು. ಇವರೊಬ್ಬರೇ ದ್ವೀಪ ಎಂದರು. ಇವರ ಲೆಕ್ಕದಲ್ಲಿ ದ್ವೀಪವೆಂದರೆ ಗೋವಾದ ತಮ್ಮ. ಬಿಸಿಲು, ಮರಳು, ಎಳನೀರು. ಅದಕ್ಕೆಂದು ತೆಂಗಿನ ಮರದ ಚಿತ್ರವಿದ್ದ ಹಾಫ್ ಶರ್ಟುಗಳನ್ನು ಕೊಂಡಿದ್ದರು. ಅವು ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಈ ಪದ್ಧತಿಯ ವಿಷಯವನ್ನು ನಿಮಗೆ ಬಿಡಿಸಿ ಹೇಳಬೇಕು. ನಾನು ಬಸವಕಲ್ಯಾಣದ ತವರಿನಿಂದ ಈ ಮನೆಗೆ ಬಂದಾಗ ಅತ್ತೆ, ಮಾವ, ಭಾವ, ಅವರ ಮಕ್ಕಳು ಎಲ್ಲ ಕೂಡಿ ಮನೆ ತುಂಬ ಜನ. ಹಿರಿಯರ ಎದುರಿಗೆ ಗಂಡ ಹೆಂಡತಿ ನೇರವಾಗಿ ಮಾತಾಡುವುದು ಕೆಟ್ಟ ನಡತೆ. ಇವರಿಗೆ ಚಹಾ ಬೇಕಾದರೆ ಪಡಸಾಲೆಯಲ್ಲಿ ಕೂತು, ಎದುರಿಗೆ ಯಾರಿದ್ದರೂ ಅವರಿಗೆ, "ಒಳಗ ಹೇಳ್ರಿ, ಚಾ ಬೇಕಂತ" ಅನ್ನುತ್ತಿದ್ದರು. ಒಳಗ ಎಂದರೆ ನಾನು. ನನಗೆ ತವರಿನಲ್ಲಿ ಇಟ್ಟ ಹೆಸರೊಂದಿತ್ತು, ಅತ್ತೆಮನೆಯಲ್ಲಿ ನಾನು 'ಒಳಗ' ಆದೆ. ನಾನೂ ಬಾಗಿಲ ಮರೆಯಿಂದ, "ಅವರಿಗೆ ಹೇಳ್ರಿ, ಹಾಲು ಒಡದದ ಅಂತ" ಅನ್ನುತ್ತಿದ್ದೆ. ಯಾರೂ ಇಲ್ಲದಿದ್ದರೆ ಇಬ್ಬರೂ ಬೆಕ್ಕಿಗೆ ಹೇಳುತ್ತಿದ್ದೆವು. ನಿಮ್ಮ ತುಟಿಯ ಮೇಲೆ ಬಂದ ಪ್ರಶ್ನೆ ನನಗೆ ಕಾಣಿಸುತ್ತಿದೆ. ಕೋಣೆಯೊಳಗೆ ಮಾತು ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ದೀಪ ಆರಿಸು, ನಾಳೆ ಜಲ್ದಿ ಎಬ್ಬಿಸು ಎನ್ನುವಷ್ಟರ ಪಿಸುಮಾತು.

ಅತ್ತೆ ಮಾವ ಹೋದರು. ಭಾವ ಹೊಲ ನೋಡಿಕೊಳ್ಳಲು ರಾಜೇಶ್ವರಕ್ಕೆ ಹೋಗಿ ಅಲ್ಲೇ ಮನೆ ಮಾಡಿದರು. ಕೇಳುವವರು ಹೋದರೂ ಚಾಳಿ ಹೋಗಲಿಲ್ಲ. ನಮ್ಮಿಬ್ಬರ ನಡುವೆ ಮಾತು ಒಯ್ಯುವ ಕೆಲಸ ಮಗಳು ಭಾಗ್ಯಾಳ ಪಾಲಿಗೆ ಬಂತು. ಅವಳು ಬೀದರಿನಲ್ಲಿ ಓದಿ ದನದ ಡಾಕ್ಟರಾಗಿ ಹಳ್ಳಿಖೇಡಕ್ಕೆ ಹೋದ ಮೇಲೂ ಆ ಕೆಲಸದಿಂದ ಅವಳಿಗೆ ಬಿಡುಗಡೆ ಸಿಗಲಿಲ್ಲ. ನಾನು ಅಡುಗೆಮನೆಯಿಂದ ಹಳ್ಳಿಖೇಡಕ್ಕೆ ಫೋನು ಹಚ್ಚಿ, "ನಿಮ್ಮಪ್ಪಗ ಹೇಳವ್ವಾ, ರೊಟ್ಟಿ ಆರಾಕತ್ತಾವ" ಅನ್ನುತ್ತಿದ್ದೆ. ಮರುಕ್ಷಣ ಪಡಸಾಲೆಯಲ್ಲಿ ಇವರ ಫೋನು ಹೊಡೆದುಕೊಳ್ಳುತ್ತಿತ್ತು. ಅವಳು ಅಲ್ಲಿ ಎಮ್ಮೆಯ ಹೆರಿಗೆ ಮಾಡಿಸುತ್ತ ಇಲ್ಲಿ ಇವರನ್ನು ಊಟಕ್ಕೆ ಕರೆಯುತ್ತಿದ್ದಳು.

ಅಂಥ ಮಗಳು ನಾನು ಪೆಟ್ಟಿಗೆಗೆ ಶೇಂಗಾ ಚಟ್ನಿ ತುಂಬುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತಳು. "ಅವ್ವಾ, ನನಗ ಸಿದ್ಧಾರ್ಥ ಪಸಂದ್ ಅದಾನ. ಅಲ್ಲಿ ನಾನೂ ಇರಂಗಿಲ್ಲ, ದೊಡ್ಡಪ್ಪನೂ ಇರಂಗಿಲ್ಲ. ಅಪ್ಪಗ ನೀನ ಹೇಳಬೇಕು" ಅಂದಳು. ಸಿದ್ಧಾರ್ಥ ಅವಳ ಜೊತೆ ಓದಿದವನು, ಅವನೂ ದನದ ಡಾಕ್ಟರು. ದುಬಲಗುಂಡಿಯವನು. ದಲಿತ ಬೌದ್ಧರ ಮನೆ, ಅಪ್ಪ ಅವ್ವ ಕೂಲಿ ಮಾಡಿ ಓದಿಸಿದ್ದಾರೆ. ನಮ್ಮದು ಲಿಂಗ ಕಟ್ಟಿದ ಮನೆತನ, ಊರಲ್ಲಿ ಹೊಲ, ಪೇಟೆಯಲ್ಲಿ ಅಂಗಡಿ. ನನಗೆ ಕೈಯಲ್ಲಿದ್ದ ಚಟ್ನಿ ಡಬ್ಬಿಯ ಮುಚ್ಚಳ ಯಾವ ಕಡೆ ತಿರುಗಿಸಬೇಕೆಂದು ತಿಳಿಯಲಿಲ್ಲ.

ನಾನು ಕಲ್ಯಾಣದವಳು. ಊರಿಗೆ ಬಂದ ನೆಂಟರನ್ನು ಕೆರೆ, ಕೋಟೆ, ಗವಿ ಎಂದು ತಿರುಗಿಸುವಾಗ, ಶರಣರ ಕಾಲದಲ್ಲಿ ಇಲ್ಲಿ ಜಾತಿ ಮೀರಿ ಮದುವೆ ನಡೆದಿತ್ತು, ಅದಕ್ಕಾಗಿ ಜೀವ ಕೊಟ್ಟರು ಎಂದು ಎದೆಯುಬ್ಬಿಸಿ ಹೇಳುತ್ತ ಬೆಳೆದವಳು. ಅದನ್ನು ನಮ್ಮ ಮನೆಯಲ್ಲಿ ಯಾರಾದರೂ ಮತ್ತೊಮ್ಮೆ ಮಾಡಿಯಾರು ಎಂದು ಮಾತ್ರ ಯಾರೂ ಎಣಿಸಿರಲಿಲ್ಲ. ಇದೇ ಮಾತನ್ನು ಇವರ ಮುಂದೆ ಹೂಡಬೇಕೆಂದು ವಿಮಾನದಲ್ಲಿ ಕೂತು ಬಾಯಿಪಾಠ ಮಾಡಿದೆ. ಪಕ್ಕದ ಸೀಟಿನಲ್ಲಿ ಇವರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ವಿಮಾನದ ಅಂಜಿಕೆಗೆ ಶಿವನಾಮ ಹೇಳುತ್ತಿದ್ದಾರೆ ಅಂದುಕೊಂಡೆ.

ದ್ವೀಪದ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹತ್ತಿಲ್ಲ. ಹಡಗಿನಿಂದ ಇಳಿದಾಗ ಎದುರಿಗೆ ತೆಂಗು ಇರಲಿಲ್ಲ, ಕುರಿ ಇದ್ದವು. ಮಳೆ ಮೇಲಿನಿಂದ ಬೀಳುವುದನ್ನು ಬಿಟ್ಟು ಮಗ್ಗುಲಿಂದ ಬೀಳುತ್ತಿತ್ತು. ಇವರು ತೆಂಗಿನ ಮರದ ಶರ್ಟಿನೊಳಗೆ ನಡುಗುತ್ತ, ಸಿಕ್ಕ ಮೊದಲ ಅಂಗಡಿಗೆ ನುಗ್ಗಿ ಈ ಜಾಕೀಟು ತೊಟ್ಟರು. ಅದು ಅಲ್ಲಿಯವರ ಮೈಯಳತೆಯದು. ಇವರು ಒಳಗೆಲ್ಲೋ ಇದ್ದಾರೆಂದು ಮೀಸೆಯಿಂದ ಗುರುತು ಹಿಡಿಯಬೇಕಾಗಿತ್ತು. ಮೋಟಾರಿಲ್ಲದ ಊರು, ಎಲ್ಲರೂ ಸೈಕಲ್ಲಿನ ಮೇಲೆ. ಮನೆಗಳ ಕಿಟಕಿಗಳೆಲ್ಲ ಆಳೆತ್ತರ, ಒಂದಕ್ಕೂ ಪರದೆಯಿಲ್ಲ. ದಾರಿಯಲ್ಲಿ ಹೋಗುವವರಿಗೆ ಯಾರು ಏನು ಉಣ್ಣುತ್ತಿದ್ದಾರೆ ಎಂಬುದೂ ಕಾಣುತ್ತದೆ. ಬಾಗಿಲ ಮರೆ ಎನ್ನುವುದೇ ಇಲ್ಲದ ಊರಿನಲ್ಲಿ ಎಲ್ಲಿ ನಿಲ್ಲಬೇಕೆಂದು ನನಗೆ ಹೊಳೆಯದೆ ಹೋಯಿತು.

ನಾವು ಇಳಿದುಕೊಂಡದ್ದು ಒಬ್ಬ ಅಜ್ಜಿಯ ಮನೆಯಲ್ಲಿ. ಬೆಳ್ಳಗೆ, ಎತ್ತರಕ್ಕೆ, ಒಬ್ಬಳೇ ಇದ್ದಳು. ಇವರಿಗೆ ಅಂಗಡಿಗೆ ಬೇಕಾಗುವಷ್ಟು ಇಂಗ್ಲಿಷ್ ಬರುತ್ತಿತ್ತು, ಅಜ್ಜಿಗೂ ಅಷ್ಟೇ. ಮೊದಲ ದಿನ ನಾಷ್ಟಾಕ್ಕೆ ಮೂವರೂ ಒಂದೇ ಮೇಜಿಗೆ ಕೂತೆವು. ಇವರು ಬ್ರೆಡ್ಡು ನೋಡುತ್ತ ಅಜ್ಜಿಗೆ ಅಚ್ಚ ಕನ್ನಡದಲ್ಲಿ, "ಒಳಗ ಹೇಳ್ರಿ, ಛಳಿ ಭಾಳ ಅದ, ಶಾಲ ಹೊದಕೊಳ್ಳಲಿ ಅಂತ" ಅಂದರು. ನಾನು ಕೈಯಳತೆಯಲ್ಲೇ ಕೂತಿದ್ದೆ. ನಾನೂ ಬಿಡಲಿಲ್ಲ: "ಅವರಿಗೆ ಹೇಳ್ರಿ ಅಜ್ಜೀ, ಶಾಲ ಬ್ಯಾಡ, ತೆಂಗಿನ ಗಿಡದ ಅಂಗಿ ಕೊಟ್ರ ಹೊದಕೋತೀನಿ." ಅಜ್ಜಿ ಅವರತ್ತ ಒಮ್ಮೆ, ನನ್ನತ್ತ ಒಮ್ಮೆ ತಿರುಗಿ, "ಯಾ, ಯಾ" ಅನ್ನುತ್ತ ಇಬ್ಬರಿಗೂ ಕಾಫಿ ಸುರಿದಳು. ಅಂಥ ಮಧ್ಯಸ್ಥಳು ನಮಗೆ ಹುಮನಾಬಾದಿನಲ್ಲೂ ಸಿಕ್ಕಿರಲಿಲ್ಲ. ಏನನ್ನೂ ಮರೆಮಾಚುವುದಿಲ್ಲ, ಏನನ್ನೂ ಸೇರಿಸುವುದಿಲ್ಲ.

ಹೀಗೆ ಅಜ್ಜಿಯ ಮೇಲೆ ಹಾಕಿಯೇ ನಾನು ಮಗಳ ವಿಷಯಕ್ಕೆ ಕೈ ಹಚ್ಚಿದೆ. "ಅಜ್ಜೀ, ಈಗಿನ ಹುಡುಗ್ಯಾರು ಭಾಳ ಶಾಣ್ಯಾ. ತಮಗ ಯಾರು ಛಲೋ ಅನ್ನೋದು ಅವರಿಗೇ ಗೊತ್ತಿರ್ತದ" ಅಂದೆ. ಇವರು ಕಾಫಿಯಲ್ಲಿ ನೊಣ ಬಿದ್ದವರ ಹಾಗೆ ಬಟ್ಟಲನ್ನೇ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಅವರೂ, "ನಿಮ್ಮ ಕಡಿ ಮಕ್ಕಳ ಲಗ್ನ ಹ್ಯಾಂಗ ಮಾಡ್ತೀರಿ ಅಜ್ಜಿ? ಮನಿತನ ನೋಡ್ತೀರೋ, ಹುಡುಗನ್ನ ನೋಡ್ತೀರೋ?" ಎಂದು ಕೇಳಿದರು. ಭಾಗ್ಯಾಗೆ ಯಾವುದೋ ಮನೆತನ ಗೊತ್ತು ಮಾಡಿಯೇ ಬಂದಿದ್ದಾರೆ, ಈಗ ಪೀಠಿಕೆ ಹಾಕುತ್ತಿದ್ದಾರೆ ಎಂದುಕೊಂಡೆ. ಅಜ್ಜಿ ಎದ್ದು ಹೋಗಿ ಒಂದು ಡಬ್ಬಿ ತಂದು ಇಬ್ಬರ ಕೈಗೂ ಉಪ್ಪಿನ ಪೆಪ್ಪರಮೆಂಟು ಹಾಕಿದಳು. ಇವರು ಬಾಯಿಗೆ ಹಾಕಿಕೊಂಡರು, ಮುಖ ಹಿಂಡಿದರು, ಅಜ್ಜಿ ನೋಡದಿದ್ದಾಗ ಉಗುಳಿ, ಉಳಿದದ್ದನ್ನು ಜೇಬಿಗೆ ಸೇರಿಸಿದರು.

ಕಡೆಯ ದಿನ ಅಜ್ಜಿ ಡಾಕ್ಟರಿಗೆ ಹಲ್ಲು ತೋರಿಸಲು ಹಡಗು ಹತ್ತಿ ಆಚೆ ದಂಡೆಗೆ ಹೋದಳು. ಕೀಲಿಕೈ ನಮ್ಮ ಕೈಗೆ ಬಂತು, ನಾಷ್ಟಾದ ಮೇಜಿಗೆ ನಾವಿಬ್ಬರೇ ಉಳಿದೆವು. ಇವರು ಒಮ್ಮೆ ಕೆಮ್ಮಿದರು. ನಾನು ಉತ್ತರವಾಗಿ ಚಮಚ ಬಾರಿಸಿದೆ. ಕುಳಿತು ಕುಳಿತು ಬೇಸತ್ತು ಸಮುದ್ರ ನೋಡಲು ಹೊರಟೆವು. ಹೋಗಿ ನೋಡಿದರೆ ಸಮುದ್ರವೇ ಇಲ್ಲ. ಅಲ್ಲಿ ದಿನಕ್ಕೆರಡು ಸಲ ನೀರು ಹಿಂದೆ ಸರಿದು ಮೈಲುಗಟ್ಟಲೆ ರಾಡಿ ಬಿಡುತ್ತದಂತೆ. "ಸಮುದ್ರ ಎಲ್ಲಿ ಹೋತು?" ಎಂದು ಇವರು ಗಾಬರಿಯಿಂದ ಕೇಳಿದರು. ಯಾರನ್ನು ಕೇಳಿದರೋ ಗೊತ್ತಾಗಲಿಲ್ಲ.

ಒಡ್ಡಿನ ಮೇಲೊಂದು ಬೆಂಚಿತ್ತು, ಎದುರಿಗೆ ಒಂದು ಕುರಿ ಮೇಯುತ್ತಿತ್ತು. ಇವರು ಕೂತರು. ಗಂಟಲು ಸರಿಮಾಡಿಕೊಂಡು ಕುರಿಗೆ ಹೇಳಿದರು: "ಒಳಗ ಒಂದು ಮಾತು ಹೇಳೂದದ. ಸಿಟ್ಟಿಗೆ ಏಳಬಾರದು." ಕುರಿ ಇವರನ್ನು ನೋಡಿತು, ನನ್ನನ್ನು ನೋಡಿತು, ಬೆನ್ನು ತಿರುಗಿಸಿ ಒಡ್ಡಿನಾಚೆ ಇಳಿದುಹೋಯಿತು. ಹೇಳಲು ಇನ್ನು ಯಾರೂ ಉಳಿದಿರಲಿಲ್ಲ.

ಆಗ ಇವರು ನನ್ನ ಕಡೆಗೆ ತಿರುಗಿದರು. ಮಾತಾಡುವಾಗ ಅವರ ಎಡಗಣ್ಣು ಚೂರು ಸಣ್ಣದಾಗುತ್ತದೆ ಎಂದು ನನಗೆ ಅವತ್ತೇ ತಿಳಿದದ್ದು.

"ಭಾಗ್ಯಾ ನಿನಗೊಂದು ಮಾತು ಮುಟ್ಟಸ್ರಿ ಅಂತ ಹೇಳ್ಯಾಳ. ಹ್ಯಾಂಗ ಹೇಳ್ಲಿ ತಿಳೀವಲ್ದು. ದುಬಲಗುಂಡಿ ಹುಡುಗ ಒಬ್ಬಾವ..."

"ಸಿದ್ಧಾರ್ಥ ಏನ್ರಿ?" ಅಂದೆ.

ಮಗಳು ಇಬ್ಬರಿಗೂ ಒಂದೇ ಕೆಲಸ ಹಚ್ಚಿ ಕಳಿಸಿದ್ದಳು! ನನಗೆ ಹೇಳಿದಂತೆಯೇ ಅಂಗಡಿಗೆ ಹೋಗಿ, "ಅವ್ವಗ ನೀವ ಹೇಳಬೇಕಪ್ಪಾ" ಅಂದಿದ್ದಾಳೆ. ವಿಮಾನದಲ್ಲಿ ಇವರು ಪಠಿಸುತ್ತಿದ್ದದ್ದೂ ಶಿವನಾಮವಲ್ಲ. ಇವರು ನನಗೆ ಅಂಜಿ, ನಾನು ಇವರಿಗೆ ಅಂಜಿ, ಪರದೇಶದ ಅಜ್ಜಿಯ ತಲೆ ತಿಂದಿದ್ದೆವು. ನಗು ತಡೆಯದೆ ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಇವರು ಜಾಕೀಟಿನೊಳಗೆ ಕುಲುಕುಲು ನಕ್ಕರು. ನಗು ನಿಂತ ಮೇಲೆ ಕೇಳಿದರು: "ನಿನಗ ಹ್ಯಾಂಗ ಅನಸ್ತದ?"

ಓದುವವರೇ, ಶರಣರ ಕಾಲದಿಂದ ಹಿಡಿದು ಏನೆಲ್ಲ ವಾದ ಕೂಡಿಸಿಟ್ಟಿದ್ದೆ! ಎಲ್ಲವೂ ಮಗಳ ಪರವಾಗಿ ಇವರನ್ನು ಒಪ್ಪಿಸಲು. ನನಗೆ ಹ್ಯಾಂಗ ಅನಿಸುತ್ತದೆ ಎಂದು ಯಾರಾದರೂ ಕೇಳಿಯಾರು ಎಂದು ತಯಾರಿ ಮಾಡಿಕೊಂಡಿರಲಿಲ್ಲ. ಮದುವೆಯಾದಂದಿನಿಂದ ಆ ಪ್ರಶ್ನೆ ನನ್ನ ಕಡೆಗೆ ಬಂದೇ ಇರಲಿಲ್ಲ. ಕಣ್ಣು ತುಂಬಿ ಬಂದವು. ಗಾಳಿಗೆ ಎಂದು ಹೇಳಬಹುದಿತ್ತು, ಹೇಳಲಿಲ್ಲ.

"ಹುಡುಗ ಛಲೋ ಅದಾನ್ರಿ. ಆಕಿ ಖುಷಿ ಇರ್ತಾಳ. ಖರೇ ಅಂದ್ರ ನನಗ ಭಾವಾರ ಅಂಜಿಕಿ ಅದ."

"ನನಗೂ ಅಣ್ಣನ ಅಂಜಿಕಿನೇ" ಅಂದರು. "ಆ ಹುಡುಗ ಒಂದಿನ ಅಂಗಡಿಗೆ ಬಂದು ತೊಗರಿ ಬೀಜ ಕೇಳಿದ. ಬ್ಯಾಸಿಗ್ಯಾಗ! ನನ್ನ ಮಾರಿ ನೋಡಲಿಕ್ಕ ಬಂದಿದ್ನಂತ ಕಾಣ್ತದ. ಒಳ್ಳೆಯವನೇ. ಹೂಂ ಅನ್ನೂಣೇನು?"

"ಅನ್ನೂಣ್ರಿ."

ಅಲ್ಲಿಂದ ಮನೆ ಮುಟ್ಟುವ ತನಕ ಬಾಯಿಗೆ ಬಿಡುವಿಲ್ಲ. ಸಬ್ಬಸಿಗೆ ಪಲ್ಯ ಕಂಡರೆ ನನಗೆ ಆಗುವುದಿಲ್ಲವೆಂದು ಇವರಿಗೆ ಅವತ್ತು ಗೊತ್ತಾಯಿತು. ವಾರಕ್ಕೊಮ್ಮೆ ಅದನ್ನು ಮಾಡುತ್ತಿದ್ದದ್ದು ಅವರಿಗೆ ಪ್ರಾಣವೆಂದು. ಅವರು ತಿನ್ನುತ್ತಿದ್ದದ್ದು ನನಗೆ ಪ್ರಾಣವೆಂದು!

ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡಿರಾ? ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಇವರು ಆಟೋದವನಿಗೆ, "ಅವರಿಗೆ ಹಿಂದ ಕುಂದರ್ಲಿಕ್ಕ ಹೇಳಪಾ" ಅಂದರು. ಊರ ಗಾಳಿ ತಾಗಿದ್ದೇ ತಡ, ನಾನು ಮತ್ತೆ ಒಳಗಿನವಳಾದೆ. ಅಣ್ಣನಿಗೆ ಹೇಳುವ ಮಾತೂ ಮುಂದೆ ಮುಂದೆ ಹೋಯಿತು. ತೊಗರಿ ರಾಶಿ ಮುಗಿಯಲಿ ಅಂದರು, ಜೋಳ ಬರಲಿ ಅಂದರು, ಬಿತ್ತನೆಯ ಗದ್ದಲ ಇಳಿಯಲಿ ಅಂದರು. ಮಗಳು ಮುಖ ಸಣ್ಣದು ಮಾಡಿಕೊಂಡು ಕಾದಳು. ಅಂತೂ ಶ್ರಾವಣ ಮುಗಿದ ಮೇಲೆ ಮೊನ್ನೆ ಇವರು ಧೈರ್ಯ ಮಾಡಿ ಫೋನಿನಲ್ಲಿ ಹೇಳಿಯೇಬಿಟ್ಟರು. ಆ ಕಡೆಯಿಂದ ಬಂದದ್ದು ಒಂದೇ ಮಾತು: "ನಾಳೆ ಸಂಜಿಗೆ ಬರ್ತೀನಿ."

ನಿನ್ನೆ ಸಂಜೆ ಭಾವ ಬಂದರು. ಪಡಸಾಲೆಯಲ್ಲಿ ಕೂತು ತಲೆಯ ಪಟಗ ತೆಗೆದು ಪಕ್ಕಕ್ಕಿಟ್ಟರು. ನಾನು ಬಾಗಿಲ ಮರೆಗೆ ನಿಂತಿದ್ದೆ. ಭಾವ ತಮ್ಮನ ಮುಖ ನೋಡಿ, "ಒಳಗ ಕೇಳು. ಇದೆಲ್ಲಾ ಯಾರ ಒಪ್ಪಿಗಿಯಿಂದ ನಡದದ ಅಂತ" ಅಂದರು. ಇವರ ಹಣೆಯ ಮೇಲೆ ಬೆವರು ಮೂಡಿದ್ದು ನನಗೆ ಮರೆಯಿಂದಲೇ ಕಾಣುತ್ತಿತ್ತು. ಇವರು ಸೋತರೆ ಮಗಳ ಬಾಳು ಮತ್ತೆ ಮುಂದಿನ ರಾಶಿಗೆ ಹೋಗುತ್ತದೆ ಎಂದು ನನಗೆ ದಿಗಿಲಾಯಿತು. ಇವರು ಬಾಗಿಲ ಕಡೆಗೆ ತಿರುಗಿದರು. ಅಣ್ಣನ ಎದುರಿಗೇ ನನ್ನ ಹೆಸರು ಹಿಡಿದು ಕರೆದರು. ತವರಿನಲ್ಲಿ ಇಟ್ಟ ಹೆಸರು. "ಹೊರಗ ಬಾ. ನೀನ ಹೇಳು."

ಸೆರಗು ಸರಿಮಾಡಿಕೊಂಡು ಹೊರಗೆ ಬಂದೆ. ಭಾವನ ಎದುರಿಗೆ ನಿಂತೆ.

"ನನ್ನ ಒಪ್ಪಿಗಿಯಿಂದ್ರಿ, ಭಾವಾರ. ಇವರದೂ ಅದ. ಹುಡುಗ ಛಲೋ ಅದಾನ. ನಿಮ್ಮ ಆಶೀರ್ವಾದ ಬೇಕ್ರಿ. ನೀವು ಸಿಟ್ಟಾದರೂ ಲಗ್ನ ಆಗ್ತದ."

ಭಾವ ತಮ್ಮ ಉತ್ತರವನ್ನು ನನಗೆ ಮುಟ್ಟಿಸಲು ಯಾರಾದರೂ ಇದ್ದಾರೆಯೇ ಎಂದು ಆಚೀಚೆ ನೋಡಿದರು. ನೆಲ ನೋಡಿದರು, ಗೋಡೆ ನೋಡಿದರು. ಕೊನೆಗೆ ನನ್ನ ಮುಖ ನೋಡಿದರು.

"ಐತ್ವಾರ ಹುಡುಗನ್ನ ಕರಸು, ತಂಗಿ. ಅವನ ಅಪ್ಪ ಅವ್ವನೂ ಬರ್ಲಿ. ಮಾತಾಡ್ತೀನಿ."

ನಾನು ಅಲ್ಲೇ, ಭಾವನ ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟೆ. ಚಹಾ ಮಾಡಲು ಯಾರಾದರೂ ಏಳಬೇಕಾಗಿತ್ತು. ಇವರು ಎದ್ದು ಒಳಗೆ ಹೋದರು. ಪಾತ್ರೆಗಳ ಸದ್ದಾಯಿತು, ಏನೋ ಬಿತ್ತು. ಆಮೇಲೆ ಅಡುಗೆಮನೆಯಿಂದ, ಓಣಿಗೆಲ್ಲ ಕೇಳುವ ಹಾಗೆ, ನನ್ನನ್ನೇ ಕೇಳಿದರು: "ಏ, ಸಕ್ಕರಿ ಡಬ್ಬಿ ಎಲ್ಲಿಟ್ಟೀ?"