ಮುಟ್ಟಬೇಕು, ಒತ್ತಬಾರದು

ತಾರಿಹಾಳದ ಒಂದು ಸಣ್ಣ ಮಷಿನ್ ಶಾಪಿನಲ್ಲಿ ಅಳತೆ ನೋಡುವುದು ನನ್ನ ಕೆಲಸ. ಮಷಿನ್ನಿನಿಂದ ಇಳಿದದ್ದೆಲ್ಲ ನನ್ನ ಮೇಜಿಗೆ ಬರುತ್ತದೆ. ಸರಿಯಿದ್ದರೆ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ವಾಪಸು. ಡಿಪ್ಲೊಮಾ ಮುಗಿಸಿ ಇಲ್ಲಿಗೆ ಬಂದಾಗ ಬೇರೆಲ್ಲ ಉಪಕರಣಗಳು ನನ್ನ ಕೈಗೆ ಹತ್ತಿದ್ದವು, ಇನ್‌ಸೈಡ್ ಮೈಕ್ರೋಮೀಟರ್ ಒಂದು ಹತ್ತಿರಲಿಲ್ಲ. ಅದನ್ನು ಕಲಿಸಿದವರು, ಲೋಹದಲ್ಲಿ ರಂಧ್ರ ಕೊರೆಯುವ ಬೋರಿಂಗ್ ಮಷಿನ್ ನಡೆಸುವ ಕಾಕಾ. ಅವರ ಊರು ಹತ್ತಿರದ ಸುಳ್ಳ ಎಂಬ ಹಳ್ಳಿ. ಬೆಳಿಗ್ಗೆ ಹೊಲದಲ್ಲಿ ಒಂದು ಸುತ್ತು ಹಾಕಿಯೇ ಬೈಕ್ ಹತ್ತುವವರು. ಶಾಪಿನಲ್ಲಿ ನಮಗೆಲ್ಲ ಅವರು ಕಾಕಾನೇ.

ನೋಡಲು ಅದೊಂದು ಉಕ್ಕಿನ ಕಡ್ಡಿ, ಅಷ್ಟೆ. ಕೊರೆದ ರಂಧ್ರದೊಳಗೆ ಅಡ್ಡಲಾಗಿ ಹಿಡಿದು, ಎರಡೂ ತುದಿ ಎದುರುಬದುರು ಗೋಡೆಗೆ ತಾಗುವವರೆಗೆ ತಿರುಗಿಸುತ್ತ ಉದ್ದ ಮಾಡಬೇಕು, ಆಗ ಕಡ್ಡಿಯ ಉದ್ದವೇ ರಂಧ್ರದ ಅಳತೆ. ಒಂದು ತುದಿಯನ್ನು ಊರಿ ಇನ್ನೊಂದನ್ನು ಮೆಲ್ಲಗೆ ಆಡಿಸುತ್ತ ಸರಿಯಾದ ಜಾಗ ಹುಡುಕಬೇಕು. ಸಾಕು ಎಂದು ಅದು ತಾನಾಗಿ ಹೇಳುವುದಿಲ್ಲ. ಬೆರಳೇ ಹೇಳಬೇಕು.

“ಮುಟ್ಟಬೇಕವಾ, ಒತ್ತಬಾರ್ದು,” ಎಂದು ಕಾಕಾ ನನ್ನ ಪಕ್ಕದಲ್ಲಿ ನಿಂತು ಹೇಳುತ್ತಿದ್ದರು. “ಮಲಗಿದ ಕೂಸಿನ ಗಲ್ಲ ಮುಟ್ಟಿ ನೋಡಿದಂಗ. ಜೋರ ಮಾಡಿದ್ರ ಕಡ್ಡಿ ಬಾಗತದ, ಸುಳ್ಳ ಹೇಳತದ.”

ಕಲಿಯಲು ಬಹಳ ದಿನ ಹಿಡಿಯಿತು. ಆಮೇಲೆ ಅದನ್ನು ತಪಾಸಣೆ ಮಾಡಿ ಇಡುವ ಜವಾಬ್ದಾರಿಯೂ ನನ್ನದಾಯಿತು. ಸೆಟ್ಟಿಂಗ್ ರಿಂಗ್ ಎಂಬ ಉಕ್ಕಿನ ಬಳೆಯೊಂದಿದೆ, ಅದರ ಒಳ ಅಳತೆ ಖಚಿತವಾಗಿ ಗೊತ್ತಿರುವಂಥದ್ದು. ಮೈಕ್ರೋಮೀಟರನ್ನು ಅದರೊಳಗೆ ಹಿಡಿದು ನೋಡಿ, ವ್ಯತ್ಯಾಸ ಕಂಡರೆ ಸಣ್ಣ ಪಾನಾದಿಂದ ತಿರುಗಿಸಿ ಸರಿಪಡಿಸುತ್ತಿದ್ದೆ. ನಾನು ಸರಿಪಡಿಸಿಟ್ಟದ್ದನ್ನು ಕಾಕಾ ಒಯ್ದು ಕೆಲಸ ಮಾಡುತ್ತಿದ್ದರು. ವರ್ಷಗಟ್ಟಲೆ ಹೀಗೆಯೇ ನಡೆದಿತ್ತು, ತಕರಾರು ಬಂದಿರಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಕೆಲಸ ಬಂತು. ಬೇರಿಂಗ್ ಕೂರುವ ದೊಡ್ಡ ಎರಕದ ಹೌಸಿಂಗ್‌ಗಳನ್ನು ಕೊರೆದು ಕೊಡಬೇಕಿತ್ತು. ಮೊದಲನೆಯದನ್ನು ಕಾಕಾ ಮುಗಿಸಿ, ಅಳತೆಗೆ ಬಂದಿದೆ ಎಂದು ಕಳಿಸಿದರು. ನಾನು ಅಳೆದರೆ ರಂಧ್ರ ಚಿಕ್ಕದು. ಕೂದಲೆಳೆಗಿಂತ ಕಡಿಮೆ ಅಂತರವೇ, ಆದರೆ ಬೇರಿಂಗ್ ಕೂರದಿರಲು ಅಷ್ಟು ಸಾಕು. ನನ್ನ ಮೊದಲ ಅನುಮಾನ ಉಪಕರಣದ ಮೇಲೆ. ರಿಂಗಿನಲ್ಲಿ ಹಿಡಿದೆ, ಸರಿಯಾಗಿತ್ತು. ಉಪಕರಣ, ರಿಂಗು ಎರಡೂ ಬಾಗಿಲ ಹತ್ತಿರ ಬಿಸಿಲಲ್ಲಿ ಕಾದು ಹಿಗ್ಗಿದ್ದವೇನೋ ಎಂದು ನೆರಳಿಗೆ ಸರಿಸಿ, ಊಟ ಮಾಡಿ ಬಂದು ಮತ್ತೆ ಅಳೆದೆ. ಚಿಕ್ಕದೇ. ಕಾಕಾ ರಂಧ್ರದ ಒಳಗೋಡೆಯಿಂದ ಇನ್ನೊಂದು ತೆಳು ಕಟ್ ತೆಗೆದು ಕೊಟ್ಟರು. ಎರಡನೆಯದೂ ಹಾಗೆಯೇ ಬಂತು.

ಆಗ ಕೇಳಲೇಬೇಕಾಯಿತು. ಕಲಿಸಿದವರ ಕೈಯನ್ನು ಪರೀಕ್ಷೆಗೆ ಕರೆಯುವುದು ಹೇಗೆಂದು ತಿಳಿಯದೆ, ರಿಂಗನ್ನು ಅವರ ಮುಂದಿಟ್ಟು, “ಕಾಕಾ, ನನಗ್ಯಾಕೋ ಸಂಶಯ ಬರಾಕತ್ತೇತಿ. ನೀವೊಮ್ಮೆ ಇದರಾಗ ಹಿಡದು ನೋಡ್ರಿ,” ಎಂದೆ.

ಅವರು ಹಿಡಿದರು, ಓದಿದರು. ರಿಂಗಿನ ಮೇಲೆ ಕೆತ್ತಿದ್ದಕ್ಕಿಂತ ಹೆಚ್ಚು ಬಂದಿತ್ತು. ಕನ್ನಡಕ ಒರೆಸಿ ಮತ್ತೆ ಹಿಡಿದರು. ನಲ್ಲಿಗೆ ಹೋಗಿ ಸೋಪಿನಿಂದ ಕೈ ತೊಳೆದು ಬಂದು ಇನ್ನೊಮ್ಮೆ ಹಿಡಿದರು. ಉಪಕರಣವೂ ಸುಳ್ಳಲ್ಲ, ರಿಂಗೂ ಸುಳ್ಳಲ್ಲ ಎಂಬುದು ನನಗಿಂತ ಮೊದಲು ಅವರಿಗೇ ಗೊತ್ತಾಗಿರಬೇಕು. ಅವರು ಒತ್ತುತ್ತಿದ್ದರು. ಒತ್ತಿದ್ದು ಅವರಿಗೆ ತಿಳಿಯುತ್ತಿರಲಿಲ್ಲ.

“ನನ್ನ ಕೈ ಜೋರ ಆಗೇತಲ್ಲವಾ,” ಎಂದರು, ಬೇರೆ ಯಾರದೋ ಕೈಯ ಬಗ್ಗೆ ಹೇಳಿದಂತೆ.

ನಾವೊಂದು ಉಪಾಯ ಮಾಡಿದೆವು. ಯಾರು ಅಳೆಯುತ್ತಾರೋ ಅವರದೇ ಕೈಯಿಂದ ರಿಂಗಿಗೆ ಹೊಂದಿಸಿದರೆ, ಕೈ ಜೋರಿದ್ದರೂ ಎರಡೂ ಕಡೆ ಒಂದೇ ಜೋರಿರುತ್ತದೆ, ಅಳತೆ ಸರಿ ಬರುತ್ತದೆ. ಒಂದು ಮೈಕ್ರೋಮೀಟರ್ ಕಾಕಾನ ಕೈಗೆ ಹೊಂದಿಸಿದ್ದು, ಇನ್ನೊಂದು ನನ್ನದಕ್ಕೆ. ಕೆಲವು ದಿನ ನಮ್ಮಿಬ್ಬರ ಓದು ಒಂದೇ ಬಂತು, ನಾನೂ ನಿರಾಳವಾದೆ. ಆಮೇಲೆ ಮತ್ತೆ ತಪ್ಪತೊಡಗಿತು. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಯಾವಾಗಲೂ ಒಂದೇ ರೀತಿ ತಪ್ಪುವ ಕೈಗೆ ಉಪಕರಣವನ್ನು ಹೊಂದಿಸಿಕೊಳ್ಳಬಹುದು. ದಿನಕ್ಕೊಂದು ರೀತಿ ಆಗುವ ಕೈಗೆ ಏನನ್ನು ಹೊಂದಿಸುವುದು? ಇದನ್ನು ಅವರಿಗೆ ಹೇಗೆ ಹೇಳಲಿ ಎಂಬ ಯೋಚನೆಯಲ್ಲೇ ನಾನಿದ್ದಾಗ ಅವರು ಕೆಲಸಕ್ಕೆ ಬರುವುದನ್ನು ನಿಲ್ಲಿಸಿದರು.

ತಿರುಗಿ ಬಂದಾಗ ಬಲಗಾಲಿಗೆ ದಪ್ಪನೆಯ ಪಟ್ಟಿ ಕಟ್ಟಿತ್ತು. ಚಹಾದ ಹೊತ್ತಿನಲ್ಲಿ ನನ್ನ ಮೇಜಿನ ಹತ್ತಿರ ಬಂದು ಕೂತರು.

“ಹೊಲದಾಗ ಜಾಲಿಮುಳ್ಳ ನಟ್ಟಿತ್ತಂತ. ಮುರದು ಒಳಗ ಉಳದಿತ್ತು. ನನಗ ಗೊತ್ತ ಇಲ್ಲ. ಮನ್ಯಾಗ ಜಗಲಿ ಮ್ಯಾಲೆ ರಕ್ತದ ಹೆಜ್ಜಿ ನೋಡಿ ನಮ್ಮ ಮನಿಯಾಕಿ ಚೀರಿದ್ಲು. ಯಾರಿಗೆ ಏನಾತಂತ ನಾನೂ ಹುಡುಕಾಕ ಹತ್ತಿದ್ದೆ.”

“ಡಾಕ್ಟರ್ ಏನಂದ್ರು?”

“ಸಕ್ಕರಿ ಬ್ಯಾನಿ. ಭಾಳ ದಿನದ್ದಂತ, ಈಗ ಗೊತ್ತಾತು. ಕಾಲ ಜೋಮ ಹಿಡದಾವು, ಕೈಬೆರಳಿಗೂ ಬಂದೇತಿ.” ಬೆರಳುಗಳನ್ನು ಮೇಜಿನ ಮೇಲೆ ಹರಡಿ ನೋಡಿಕೊಂಡರು. “ನೀ ರಿಂಗ್ ಮುಂದ ಇಟ್ಟಿಯಲ್ಲಾ, ಅವತ್ತ ತಿಳಕೊಂಡು ಡಾಕ್ಟರಿಗೆ ತೋರಿಸಬೇಕಿತ್ತು. ವಯಸ್ಸಾತಂತ ಸುಮ್ಮನಾದೆ.”

ಅವರು ಎದ್ದು, ತಮ್ಮ ಕೈಗೆ ಹೊಂದಿಸಿದ್ದ ಮೈಕ್ರೋಮೀಟರನ್ನು ಡಬ್ಬಿಯೊಂದಿಗೆ ತಂದು ನನ್ನ ಮೇಜಿನ ಮೇಲಿಟ್ಟರು. “ಇನ್ನ ಅಳತಿ ನೀ ನೋಡು. ಮಷಿನ್ ನಾ ನಡಸ್ತೇನಿ,” ಎಂದರು.

ಉಳಿದಿದ್ದದ್ದು ಕೊನೆಯ ಹೌಸಿಂಗ್, ಎಲ್ಲಕ್ಕಿಂತ ದೊಡ್ಡದು. ಕೊನೆಯ ಕಟ್ ಬಾಕಿಯಿತ್ತು. ರಂಧ್ರ ಚಿಕ್ಕದಾದರೆ ಇನ್ನಷ್ಟು ಕೊರೆಯಬಹುದು, ದೊಡ್ಡದಾದರೆ ಎರಕವೇ ಹಾಳು, ಬೇರೆ ಎರಕ ಇರಲಿಲ್ಲ. ಕೊರೆದ ಬಿಸಿ ಆರುವವರೆಗೆ ಕಾದು, ನನ್ನ ಕೈಯ ಶಾಖವೂ ತಾಗಬಾರದೆಂದು ಕಡ್ಡಿಯನ್ನು ಅರಿವೆಯಲ್ಲಿ ಹಿಡಿದು ಅಳೆದೆ. ಉದ್ದಕ್ಕೆ ಅಳೆದೆ, ಅಡ್ಡಕ್ಕೆ ಅಳೆದೆ, ರಿಂಗಿಗೆ ಹೋಗಿ ನನ್ನ ಕೈಯನ್ನೂ ನೋಡಿಕೊಂಡು ಬಂದು ಮತ್ತೆ ಅಳೆದೆ.

“ಎಷ್ಟ ತೆಗೀಲಿ?”

ಹೇಳಿದೆ. ಹೇಳಿದ ಮೇಲೆ ಹೆದರಿಕೆಯಾಯಿತು. “ಕಾಕಾ, ನೀವೂ ಒಮ್ಮೆ ನೋಡ್ರಿ.”

“ನಾ ನೋಡಿ ಏನ ಮಾಡ್ಲಿ? ನೀ ನೋಡಿಯಲ್ಲಾ.”

ಅಷ್ಟು ವರ್ಷ ತಾವೇ ಅಳೆದು ನೋಡದೆ ಒಂದು ಕಟ್ ಕೂಡ ತೆಗೆಯದ ಮನುಷ್ಯ, ನಾನು ಹೇಳಿದಷ್ಟನ್ನೇ ಮಷಿನ್ನಿಗೆ ಕೊಟ್ಟು ಗುಂಡಿ ಒತ್ತಿದರು. ಕಟ್ ಮುಗಿಯುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಅವರು ಹೌಸಿಂಗಿನ ಕಡೆ ನೋಡದೆ, ಸ್ಟೂಲಿನ ಮೇಲೆ ಕೂತು ಪಟ್ಟಿ ಕಟ್ಟಿದ ಕಾಲನ್ನು ನೀವಿಕೊಳ್ಳುತ್ತಿದ್ದರು. ನಂಬಿಕೆಯೋ, ಅಥವಾ ನನ್ನ ಭಯ ತಮಗೆ ಕಾಣಬಾರದೆಂದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬೇರಿಂಗ್ ಹದವಾಗಿ ಒಳಗೆ ಕೂತಿತು. ಕಾಕಾ ಅದರ ಮೇಲೆ ಅಂಗೈ ಇಟ್ಟು, “ಛಲೋ ಆತು,” ಎಂದರು. ನಾನು ಮುಖ ತೊಳೆಯುವ ನೆಪದಲ್ಲಿ ನಲ್ಲಿಯ ಕಡೆ ಹೋದೆ.

ಕಾಕಾ ಈಗಲೂ ಕೆಲಸಕ್ಕೆ ಬರುತ್ತಾರೆ. ಬೂಟು ಹಾಕದೆ ಹೊಲಕ್ಕೆ ಇಳಿಯುವುದಿಲ್ಲ. ದಿನಾ ಸಂಜೆ ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕು, ಕಾಕಾನ ಪಾದಗಳನ್ನು ದೀಪದ ಬೆಳಕಿಗೆ ಹಿಡಿದು, ಗಾಯ ಆಗಿದೆಯೇ ಎಂದು ಬೆರಳಸಂದಿಯನ್ನೂ ಬಿಡದೆ ನೋಡುತ್ತಾರಂತೆ. ಮೊದಮೊದಲು ಕಾಕಾನಿಗೆ ಬಹಳ ಸಂಕೋಚವಾಗುತ್ತಿತ್ತಂತೆ, ಕಾಲು ಹಿಂದೆ ಎಳೆದುಕೊಳ್ಳುತ್ತಿದ್ದರಂತೆ. ಈಗ ತಾವಾಗಿಯೇ ಚಾಚಿ ಕೂರುತ್ತಾರೆ.